ಹಾಸ್ಪಿಸ್ ಆರಿಸುವುದು ಹೇಗೆ? ಮೊದಲು ರಾತ್ರಿ ಎರಡು ಗಂಟೆಯ ಪ್ರಶ್ನೆ ಕೇಳಿ

"ಇನ್ನು ನಾವು ಮಾಡೋದು ಏನೂ ಇಲ್ಲ, ಮನೆಗೆ ಕರ್ಕೊಂಡು ಹೋಗಿ ಚೆನ್ನಾಗಿ ನೋಡ್ಕೊಳ್ಳಿ." ಕ್ಯಾನ್ಸರ್ ವಾರ್ಡಿನ ಕಾರಿಡಾರಿನಲ್ಲಿ ಈ ಮಾತು ಕೇಳಿಸಿಕೊಂಡವರು ನಮ್ಮಲ್ಲಿ ಕಡಿಮೆಯೇನಿಲ್ಲ. ಅಪ್ಪನ ಫೈಲು ಕಂಕುಳಲ್ಲಿ ಇಟ್ಟುಕೊಂಡು ನಾನೂ ಒಂದು ದಿನ ಅಲ್ಲಿ ನಿಂತಿದ್ದೆ. ಚೆನ್ನಾಗಿ ನೋಡಿಕೊಳ್ಳುವುದು ಅಂದರೆ ಏನು, ಹೇಗೆ, ಯಾರನ್ನು ಕೇಳಬೇಕು? ಅದನ್ನು ಯಾರೂ ಹೇಳಲಿಲ್ಲ. "ಡಾಕ್ಟರು ಕೈಬಿಟ್ಟರಂತೆ" ಅನ್ನುವ ಸುದ್ದಿ ಮಾತ್ರ ನಾವು ಮನೆ ಮುಟ್ಟುವ ಮೊದಲೇ ನೆಂಟರನ್ನೆಲ್ಲ ಮುಟ್ಟಿತ್ತು.

ಹಾಸ್ಪಿಸ್ ಬೇಕಾಗುವುದು ಆ ಕಾರಿಡಾರಿನ ನಂತರದ ದಿನಗಳಿಗೆ. ರೋಗ ವಾಸಿಯಾಗದು ಎಂದಾದ ಮೇಲೆ ನೋವು, ವಾಂತಿ, ಉಸಿರಾಟದ ಕಷ್ಟ, ಹುಣ್ಣು, ಭಯ ಇವನ್ನು ತಗ್ಗಿಸಿ, ಇರುವಷ್ಟು ದಿನ ನೆಮ್ಮದಿಯಾಗಿ ಇರಿಸುವ ಆರೈಕೆ ಇದು. 1967ರಲ್ಲಿ ಲಂಡನ್ನಿನಲ್ಲಿ ಸಿಸೆಲಿ ಸಾಂಡರ್ಸ್ ಎಂಬ ವೈದ್ಯೆ ಸೇಂಟ್ ಕ್ರಿಸ್ಟೋಫರ್ಸ್ ತೆರೆದಾಗ ಇಂದಿನ ರೂಪದ ಹಾಸ್ಪಿಸ್ ಶುರುವಾಯಿತು. ನಮ್ಮ ದೇಶದ ಮೊದಲನೆಯದು ಮುಂಬೈಯ ಶಾಂತಿ ಅವೇದನಾ ಸದನ, 1986ರದ್ದು. ಬೆಂಗಳೂರಿನ ಮಾರತ್ತಹಳ್ಳಿ ಕಡೆ ಇರುವ ಕರುಣಾಶ್ರಯ 1999ರಿಂದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ. ಮಣಿಪಾಲದಲ್ಲೂ ಒಂದು ಹಾಸ್ಪಿಸ್ ಇದೆ. ಇವುಗಳ ಜೊತೆಗೆ ಈಗ ಊರೂರಲ್ಲಿ "ಪ್ಯಾಲಿಯೇಟಿವ್ ಕೇರ್", "ಕೊನೆ ದಿನಗಳ ಆರೈಕೆ" ಅನ್ನುವ ಬೋರ್ಡುಗಳು ಕಾಣುತ್ತಿವೆ. ಕೆಲವು ನಿಜಕ್ಕೂ ಒಳ್ಳೆಯವು. ಕೆಲವು ಬರೀ ನರ್ಸಿಂಗ್ ಏಜೆನ್ಸಿಗೆ ಹಾಕಿದ ಹೊಸ ಬಣ್ಣ. ಎರಡನ್ನೂ ಬೇರೆ ಮಾಡಿ ನೋಡುವುದು ಹೇಗೆ ಅಂತ ನಾನು ಕಲಿತದ್ದು ತಪ್ಪು ಮಾಡಿಯೇ.

ಮೊದಲ ಹೆಜ್ಜೆ: ಮನೆಯಲ್ಲೋ, ಅಲ್ಲೋ?

ಹಾಸ್ಪಿಸ್ ಅಂದರೆ ಕಟ್ಟಡವೇ ಆಗಬೇಕಿಲ್ಲ. ಡಾಕ್ಟರು, ನರ್ಸು, ಕೌನ್ಸೆಲರ್ ಮನೆಗೇ ಬರುವ ಹೋಮ್ ಕೇರ್ ತಂಡಗಳೂ ಇವೆ. "ನನ್ನ ಜೀವ ಮನೆಯಲ್ಲೇ ಹೋಗ್ಲಿ" ಅನ್ನುವ ಹಿರಿಯರಿಗೆ ಅದೇ ಸರಿ. ಆದರೆ ಮನೆಯಲ್ಲಿ ಮಗ್ಗುಲು ತಿರುಗಿಸಲು, ಡೈಪರ್ ಬದಲಿಸಲು ಗಟ್ಟಿ ಕೈ ಎರಡು ಜೊತೆಯಾದರೂ ಬೇಕು. ಎಪ್ಪತ್ತರ ಅಮ್ಮ ಒಬ್ಬರೇ ಎಪ್ಪತ್ತೈದರ ಅಪ್ಪನನ್ನು ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡರೆ ರೋಗಿಗಳು ಇಬ್ಬರಾಗುತ್ತಾರೆ.

ಫೋನ್ ಮಾಡುವ ಮೊದಲೇ ಇನ್ನೊಂದು ನೋಡಿಕೊಳ್ಳಿ. ಕೆಲವು ಕಡೆ ಕ್ಯಾನ್ಸರ್ ರೋಗಿಗಳನ್ನು ಮಾತ್ರ ಸೇರಿಸಿಕೊಳ್ಳುತ್ತಾರೆ. ಕಿಡ್ನಿ, ಹೃದಯ, ಪಾರ್ಕಿನ್‌ಸನ್ ಕಾಯಿಲೆಯವರು ಅಷ್ಟು ದೂರ ಹೋಗಿ ವಾಪಸು ಬರುವಂತಾಗಬಾರದು.

ಎರಡನೇ ಹೆಜ್ಜೆ: ರಾತ್ರಿ ಎರಡು ಗಂಟೆಗೆ ಯಾರು ಫೋನ್ ಎತ್ತುತ್ತಾರೆ?

ಒಂದೇ ಒಂದು ಪ್ರಶ್ನೆ ಕೇಳಲು ಸಮಯ ಇದೆ ಅಂದರೆ ಇದನ್ನೇ ಕೇಳಿ.

ನಾವು ಮೊದಲು ಹಿಡಿದ ಹೋಮ್ ಕೇರ್ ಸಂಸ್ಥೆಯ ಹೆಸರು ಬೇಡ. ಬ್ರೋಷರ್ ಚೆನ್ನಾಗಿತ್ತು. "24 ಗಂಟೆ ಸೇವೆ" ಅಂತ ದಪ್ಪಕ್ಷರದಲ್ಲಿತ್ತು. ಬಂದು ಐದನೇ ರಾತ್ರಿ, ಒಂದೂ ನಲವತ್ತಕ್ಕೆ, ಅಪ್ಪ ಮಂಚದ ಕಂಬಿ ಹಿಡಿದು ಹಲ್ಲು ಕಚ್ಚಿದರು. ಬೆನ್ನಿನ ಮೂಳೆಗೆ ಹಬ್ಬಿದ್ದ ನೋವು ಅದು. ಫೋನ್ ಮಾಡಿದೆ. ಎತ್ತಿದ ಹುಡುಗ ನಿದ್ದೆಗಣ್ಣಲ್ಲಿ ರೋಗಿಯ ಹೆಸರು ಕೇಳಿದ, ನಂಬರು ಕೇಳಿದ, ಆಮೇಲೆ "ಸಾರ್, ಬೆಳಿಗ್ಗೆ ಡಾಕ್ಟರ್ ಬರ್ತಾರೆ, ಅಲ್ಲೀವರೆಗೂ ಡೋಲೋ ಕೊಡಿ" ಅಂದ. ಅವನ ತಪ್ಪಲ್ಲ. ಅವನು ಕಾಲ್ ಸೆಂಟರಿನವನು, ಅವನ ಮುಂದೆ ಅಪ್ಪನ ಔಷಧದ ಚೀಟಿಯೇ ಇರಲಿಲ್ಲ. ಬೆಳಗಾಗಲು ನಾಲ್ಕೂವರೆ ಗಂಟೆ ಬೇಕಿತ್ತು. ಆ ನಾಲ್ಕೂವರೆ ಗಂಟೆಯನ್ನು ನಾನು ಇನ್ನೂ ಮರೆತಿಲ್ಲ.

ಹಾಗಾಗಿ "24 ಗಂಟೆ ಇದ್ದೀರಾ?" ಅಂತ ಕೇಳಬೇಡಿ. ಎಲ್ಲರೂ ಹೂಂ ಅಂತಾರೆ. ಹೀಗೆ ಕೇಳಿ: ರಾತ್ರಿ ಫೋನ್ ಎತ್ತುವವರು ನರ್ಸಾ, ಆಪರೇಟರಾ? ಅವರ ಮುಂದೆ ನಮ್ಮ ಫೈಲ್ ಇರುತ್ತದಾ? ಔಷಧದ ಪ್ರಮಾಣ ಬದಲಿಸಲು ಡಾಕ್ಟರನ್ನು ಆಗಲೇ ಎಬ್ಬಿಸುತ್ತಾರಾ? ಮನೆಗೆ ಬರಲೇಬೇಕಾದರೆ ಎಷ್ಟು ಹೊತ್ತು? ಹೋದ ವಾರ ಹೀಗೆ ರಾತ್ರಿ ಹೋಗಿದ್ದು ಯಾವಾಗ?

ಇನ್ನೂ ಸುಲಭದ ದಾರಿ ಒಂದಿದೆ. ಸೇರುವ ಮೊದಲೇ ಒಂದು ರಾತ್ರಿ ಹನ್ನೊಂದರ ಮೇಲೆ ಆ ನಂಬರಿಗೆ ಫೋನ್ ಮಾಡಿ ನೋಡಿ. ಸ್ವಲ್ಪ ಕಸಿವಿಸಿ ಅನ್ನಿಸುತ್ತೆ, ನಿಜ. ಮಾಡಿ.

ಮೂರನೇ ಹೆಜ್ಜೆ: ಮಾರ್ಫಿನ್ ಇದೆಯಾ?

ಅಫೀಮಿನಿಂದ ತೆಗೆಯುವ ಈ ನೋವಿನ ಔಷಧದ ಹೆಸರು ಕೇಳಿದರೆ ನಮ್ಮವರು ಬೆಚ್ಚುತ್ತಾರೆ. "ಅದು ಕೊಟ್ಟರೆ ಮುಗೀತು ಅಂತ ಅರ್ಥ", "ಚಟ ಹತ್ತುತ್ತೆ" ಅನ್ನುವ ಮಾತು ಎಲ್ಲ ಮನೆಗಳಲ್ಲೂ ಬರುತ್ತದೆ. ನಮ್ಮ ಚಿಕ್ಕಪ್ಪನೂ ಅಂದರು. ಆದರೆ ಕ್ಯಾನ್ಸರಿನ ಜೋರು ನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹಾಕಿಕೊಟ್ಟ ಔಷಧದ ಏಣಿಯಲ್ಲಿ ಮೇಲಿನ ಮೆಟ್ಟಿಲು ಮಾರ್ಫಿನ್‌ನಂಥ ಔಷಧಗಳದ್ದೇ. ಅಂಥ ನೋವಿಗೆ ಮಾರ್ಫಿನ್ ಇಟ್ಟುಕೊಳ್ಳದ ಹಾಸ್ಪಿಸ್ ಅಕ್ಕಿ ಇಲ್ಲದ ಅಡುಗೆಮನೆ ಇದ್ದ ಹಾಗೆ.

ಸಿಗುವುದು ಕಷ್ಟ ಯಾಕೆ ಅಂದರೆ, 1985ರ ಮಾದಕ ವಸ್ತು ಕಾಯ್ದೆ. ಕಳ್ಳಸಾಗಣೆ ತಡೆಯಲು ತಂದ ಆ ಕಾನೂನಿನಿಂದ ಆಸ್ಪತ್ರೆಗಳೂ ಲೈಸೆನ್ಸುಗಳ ಹಿಂದೆ ಅಲೆಯುವಂತಾಯಿತು. ಕೇರಳದ ಡಾ. ಎಂ. ಆರ್. ರಾಜಗೋಪಾಲ್ ಮತ್ತಿತರರು ವರ್ಷಗಟ್ಟಲೆ ಹೋರಾಡಿದ ಮೇಲೆ 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು. ಈಗ ಸಂಸ್ಥೆಯೊಂದು ರಾಜ್ಯದ ಔಷಧ ನಿಯಂತ್ರಣ ಇಲಾಖೆಯಿಂದ ಮಾನ್ಯತೆ ಪಡೆದರೆ ಮಾರ್ಫಿನ್, ಫೆಂಟನಿಲ್ ಸೇರಿ ಆರು ಔಷಧಗಳನ್ನು ಇಟ್ಟುಕೊಳ್ಳಬಹುದು. ಅಂಥ ಮಾನ್ಯತೆ ಪಡೆದ ಸಂಸ್ಥೆಗೆ ಚುಟುಕಾಗಿ ಆರ್‌ಎಂಐ (ರೆಕಗ್ನೈಸ್ಡ್ ಮೆಡಿಕಲ್ ಇನ್‌ಸ್ಟಿಟ್ಯೂಷನ್) ಅನ್ನುತ್ತಾರೆ. ಅಲ್ಲಿ ತರಬೇತಿ ಪಡೆದ ಡಾಕ್ಟರು ಇರಲೇಬೇಕು. ನೀವು ಕೇಳಬೇಕಾದದ್ದು ಇಷ್ಟೇ: "ನಿಮಗೆ ಆರ್‌ಎಂಐ ಮಾನ್ಯತೆ ಇದೆಯಾ? ಮಾತ್ರೆ ಈಗ ಸ್ಟಾಕ್ ಇದೆಯಾ?" ಉತ್ತರ ತಡವರಿಸಿದರೆ ಫೋನ್ ಇಡಿ.

ಇದ್ದರೆ ಸಾಲದು, ಬಳಸಲು ಬರಬೇಕು. ಬಲ್ಲವರು ನೋವಿಗೆ ಅಂಕ ಕೇಳುತ್ತಾರೆ: ಸೊನ್ನೆಯಿಂದ ಹತ್ತರವರೆಗೆ ಈಗ ಎಷ್ಟು, ರಾತ್ರಿ ಎಷ್ಟು, ತಿರುಗಿದಾಗ ಎಷ್ಟು ಅಂತ. ಮಾಮೂಲಿ ಮಾರ್ಫಿನ್ ಮಾತ್ರೆಯನ್ನು ಗಡಿಯಾರ ನೋಡಿ ನಾಲ್ಕು ಗಂಟೆಗೊಮ್ಮೆ ಕೊಡಿಸುತ್ತಾರೆ, ನೋವು ಬಂದ ಮೇಲೆ ಕಾಯಿಸಿ ಕೊಡುವುದಿಲ್ಲ. ನಡುವೆ ನೋವು ಚುಚ್ಚಿದರೆ ಅಂತ ಒಂದು ಹೆಚ್ಚುವರಿ ಡೋಸನ್ನೂ ಬರೆದಿಡುತ್ತಾರೆ. ಮತ್ತೆ, ಇದೇ ನನಗೆ ಆಮೇಲೆ ಗೊತ್ತಾದ ಗುಟ್ಟು: ಮಾರ್ಫಿನ್ ಬರೆದ ಚೀಟಿಯಲ್ಲೇ ಮಲಬದ್ಧತೆಯ ಔಷಧವೂ ಇರುತ್ತದೆ. ಮಾರ್ಫಿನ್ ತೆಗೆದುಕೊಳ್ಳುವ ಹೆಚ್ಚುಕಡಿಮೆ ಎಲ್ಲರಿಗೂ ಹೊಟ್ಟೆ ಕಟ್ಟುತ್ತದೆ. ಒಂದು ವಾರ ಮೋಷನ್ ಆಗದೆ ನರಳುವ ರೋಗಿಯನ್ನು ನೋಡಿದರೆ ಡಾಕ್ಟರು ಬರೀ ನೋವಿನ ಬಗ್ಗೆ ಯೋಚಿಸಿದ್ದಾರೆ, ಮನುಷ್ಯನ ಬಗ್ಗೆ ಯೋಚಿಸಿಲ್ಲ ಅಂತ ತಿಳಿಯಿರಿ. ಡೋಸ್ ಎಷ್ಟು ಅನ್ನುವುದು ಅವರಿಗೆ ಬಿಟ್ಟದ್ದು. ಚೀಟಿಯಲ್ಲಿ ಈ ಮೂರು ಇವೆಯಾ ಅಂತ ನೋಡಲು ನೀವು ಡಾಕ್ಟರು ಆಗಬೇಕಿಲ್ಲ.

ನಾಲ್ಕನೇ ಹೆಜ್ಜೆ: ಹೋಗಿ ನೋಡಿ, ಹೇಳದೆ ಹೋಗಿ

ಸಂಸ್ಥೆಗೆ ಒಮ್ಮೆ ಸಂಜೆ ಹೊತ್ತು ಹೋಗಿ. ಸಂಜೆ ಯಾಕೆ ಅಂದರೆ ದೊಡ್ಡ ಡಾಕ್ಟರು ಹೋಗಿರುತ್ತಾರೆ, ಇರುವ ಸಿಬ್ಬಂದಿಯೇ ನಿಜವಾದ ಹಾಸ್ಪಿಸ್. ತೋಟ, ಕೊಳ, ಬುದ್ಧನ ವಿಗ್ರಹ ನೋಡಿ ಮರುಳಾಗಬೇಡಿ. ಮೊದಲು ಮೂಗಿಗೆ ಕೆಲಸ ಕೊಡಿ. ಫಿನಾಯಿಲ್ ವಾಸನೆ ಜಾಸ್ತಿ ಇದ್ದರೆ ಅದರಡಿ ಏನೋ ಮುಚ್ಚಿದೆ ಅಂತ ನನ್ನ ಅನುಮಾನ. ಆಮೇಲೆ ಕಿವಿಗೆ. ಬೆಲ್ ಹೊಡೆದರೆ ಎಷ್ಟು ಹೊತ್ತಿಗೆ ಯಾರು ಬರುತ್ತಾರೆ? ವಾಚ್ ನೋಡಿ.

ನಾವು ಎರಡನೇ ಸಲ ನೋಡಲು ಹೋದ ಕಡೆ ಒಬ್ಬ ನರ್ಸ್ ಮಾತು ನಿಂತಿದ್ದ ಅಜ್ಜಿಯ ಬಾಯಿ ತೊಳೆಯುತ್ತಿದ್ದರು. ಬೆರಳಿಗೆ ಗಾಜ್ ಬಟ್ಟೆ ಸುತ್ತಿ, ನೀರಲ್ಲಿ ಅದ್ದಿ, ಒಸಡು, ನಾಲಿಗೆ, ಕೆನ್ನೆಯ ಒಳಗೆ ಮೆಲ್ಲಗೆ ಒರೆಸಿದರು. ತುಟಿಗೆ ವ್ಯಾಸಲೀನ್ ಹಚ್ಚಿದರು. ಮಾಡುವಾಗೆಲ್ಲ "ಅಜ್ಜಿ, ಈಗ ಬಲಗಡೆ, ಸ್ವಲ್ಪ ತಣ್ಣಗಿರುತ್ತೆ ಆಯ್ತಾ" ಅಂತ ಮಾತಾಡುತ್ತಲೇ ಇದ್ದರು. ಅಜ್ಜಿಗೆ ಪ್ರಜ್ಞೆ ಇತ್ತೋ ಇಲ್ಲವೋ. ನಾವು ಅಲ್ಲಿ ನಿಂತಿದ್ದು ಆ ನರ್ಸ್‌ಗೆ ಗೊತ್ತಿರಲಿಲ್ಲ. ನನಗೆ ಅಷ್ಟು ಸಾಕಾಯಿತು.

ಮಲಗಿದ್ದಲ್ಲೇ ಇರುವವರ ಹಿಮ್ಮಡಿ, ಸೊಂಟದ ಕೆಳಭಾಗ ಬೇಗ ಹುಣ್ಣಾಗುತ್ತವೆ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾರೆ, ಬದಲಿಸಿದ್ದನ್ನು ಚಾರ್ಟಿನಲ್ಲಿ ಬರೆಯುತ್ತಾರೆ. ಆ ಚಾರ್ಟ್ ತೋರಿಸಿ ಅನ್ನಿ. ಬೆಳಿಗ್ಗೆ ಎಂಟಕ್ಕೇ ರಾತ್ರಿ ಎಂಟರವರೆಗೆ ಟಿಕ್ ಹಾಕಿ ಮುಗಿಸಿದ್ದರೆ? ನಗಬೇಡಿ, ಹಾಗೂ ಮಾಡುತ್ತಾರೆ.

ಆನ್‌ಲೈನ್ ಸ್ಟಾರುಗಳ ಮಾತು ಬಿಡಿ. ಸಾವಿನ ಮನೆಯಿಂದ ಬಂದವರು ಬರೆದರೆ ಐದು ಸ್ಟಾರ್, ಇಲ್ಲವೇ ಒಂದು. ಅದರ ಬದಲು ನಿಮ್ಮ ರೋಗಿಯನ್ನು ನೋಡಿದ ಕ್ಯಾನ್ಸರ್ ಆಸ್ಪತ್ರೆಯ ನರ್ಸ್‌ಗಳನ್ನು ಕೇಳಿ. "ನಿಮ್ಮಪ್ಪನಾಗಿದ್ದರೆ ಎಲ್ಲಿಗೆ ಕಳಿಸ್ತಿದ್ರಿ?" ಅಂದರೆ ಅವರು ಸುಳ್ಳು ಹೇಳುವುದು ಕಡಿಮೆ.

ಐದನೇ ಹೆಜ್ಜೆ: ಅವರ ಮಾತು ಕೇಳಿ

ಮೊದಲ ಭೇಟಿಯಲ್ಲಿ ಯಾರು ಜಾಸ್ತಿ ಮಾತಾಡಿದರು ಅಂತ ಗಮನಿಸಿ. ಒಳ್ಳೆಯ ತಂಡ ರೋಗಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತದೆ, ಬಾಗಿಲ ಹತ್ತಿರ ನಿಂತು ನಿಮ್ಮ ಜೊತೆ ಪಿಸುಗುಟ್ಟುವುದಿಲ್ಲ.

"ಅವರಿಗೆ ಮಾತ್ರ ಏನೂ ಹೇಳ್ಬೇಡಿ" ಅಂತ ನಾವೆಲ್ಲ ಕೈ ಮುಗಿಯುತ್ತೇವೆ, ಅಲ್ವಾ? ಆಗ ಅವರು ಏನನ್ನುತ್ತಾರೆ ನೋಡಿ. ಸುಮ್ನೆ ತಲೆಯಾಡಿಸಿದರೆ ಅನುಭವ ಕಡಿಮೆ. ಒರಟಾಗಿ ಎಲ್ಲ ಹೇಳಿಬಿಟ್ಟರೆ ಇನ್ನೂ ಕೆಟ್ಟದ್ದು. ಅಪ್ಪನ ಡಾಕ್ಟರು ಕೇಳಿದ್ದು ಒಂದೇ: "ನಿಮ್ಮ ಕಾಯಿಲೆ ಬಗ್ಗೆ ನಿಮಗೇನು ಗೊತ್ತು?" ಅಪ್ಪ ಎಲ್ಲ ಹೇಳಿದರು. ನಾವು ಮೂರು ತಿಂಗಳಿಂದ ಮುಚ್ಚಿಟ್ಟಿದ್ದೆಲ್ಲ ಅವರಿಗೆ ಗೊತ್ತಿತ್ತು.

ಊಟ ನಿಂತಾಗ "ಒಂದು ಗ್ಲೂಕೋಸ್ ಬಾಟಲಾದರೂ ಹಾಕಿ" ಅನ್ನುವುದು ಎಲ್ಲ ಮನೆಯವರ ಗೋಳು. ಕೊನೆಯ ದಿನಗಳಲ್ಲಿ ದೇಹ ನೀರನ್ನು ಬಳಸಿಕೊಳ್ಳಲಾರದು, ಡ್ರಿಪ್ ಹಾಕಿದರೆ ಕಾಲು ಊದಿ ಎದೆಯಲ್ಲಿ ಕಫ ಹೆಚ್ಚಬಹುದು. ಬಲ್ಲವರು ಇದನ್ನು ಗದರದೆ ಕೂತು ವಿವರಿಸುತ್ತಾರೆ. ಬಾಟಲಿಗೆ ಬಿಲ್ ಮಾಡುವವರು ಎರಡು ಮಾತಾಡದೆ ಹಾಕುತ್ತಾರೆ.

ವೆಂಟಿಲೇಟರ್ ಬೇಡ ಅಂತ ಮೊದಲೇ ಬರೆದಿಡುವ ಉಯಿಲನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು. 2023ರಲ್ಲಿ ನಿಯಮ ಸಡಿಲಿಸಿದ ಮೇಲೆ ಇಬ್ಬರು ಸಾಕ್ಷಿ, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಈ ಬಗ್ಗೆ ಆದೇಶ ಹೊರಡಿಸಿದೆ. ತಂಡಕ್ಕೆ ಇದು ಗೊತ್ತಿರಬೇಕು. ಬಾಯಿಗೆ ತುಳಸಿ ನೀರು ಬಿಡಲು, ಕುರಾನ್ ಓದಲು, ಪಾದ್ರಿಯನ್ನು ಕರೆಸಲು ಅಡ್ಡಿ ಇಲ್ಲವೇ ಅಂತಲೂ ಕೇಳಿಬಿಡಿ.

ಆರನೇ ಹೆಜ್ಜೆ: ದುಡ್ಡು, ಕಾಗದ

ಖಾಸಗಿ ಸಂಸ್ಥೆಯಾದರೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಮತ್ತು ದರಪಟ್ಟಿ ಗೋಡೆಯ ಮೇಲೆ ಕಾಣುವಂತೆ ಇರಬೇಕು, ಅದು ಕಾನೂನು. ದಿನದ ದರದಲ್ಲಿ ಡೈಪರ್, ಆಕ್ಸಿಜನ್, ಔಷಧ, ಆಂಬ್ಯುಲೆನ್ಸ್ ಸೇರಿವೆಯೇ ಅಂತ ಬರೆಸಿಕೊಳ್ಳಿ. ಅಡ್ವಾನ್ಸ್ ಕಟ್ಟಿ ಮೂರೇ ದಿನಕ್ಕೆ ತೀರಿಕೊಂಡರೆ ಉಳಿದದ್ದು ವಾಪಸ್ಸಾ? ಕೇಳಲು ನಾಲಿಗೆ ಏಳುವುದಿಲ್ಲ, ಆದರೂ ಕೇಳಿ. ಮನೆಯಲ್ಲಿ ಸಾವಾದರೆ ಡಾಕ್ಟರು ಬಂದು ಸರ್ಟಿಫಿಕೇಟ್ ಕೊಡುತ್ತಾರಾ ಅನ್ನುವುದು ಬಹಳ ಮುಖ್ಯ. ಅದಿಲ್ಲದೆ ಹೋದರೆ ಚಿತಾಗಾರದ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಮರಣ ನೋಂದಣಿಗೆ 21 ದಿನ ಇರುತ್ತದೆ, ಅದಕ್ಕೂ ಇದೇ ಕಾಗದ ಬೇಕು.

ಸೇರಿದ ಮೇಲೆ

ಮೊದಲ ಮೂರು ದಿನ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ನೋವಿನ ಅಂಕ, ನಿದ್ದೆ ಎಷ್ಟು ಗಂಟೆ, ಯಾರು ಬಂದರು, ಏನು ಹೇಳಿ ಹೋದರು. ನೋವು ಎಂಟರಿಂದ ಇಳಿಯದೆ ಹಾಗೇ ಇದ್ದು, ಯಾರೂ ಔಷಧ ಬದಲಿಸದಿದ್ದರೆ ಸಂಕೋಚ ಬೇಡ, ಸಂಸ್ಥೆ ಬದಲಿಸಿ. ಡಿಸ್ಚಾರ್ಜ್ ಸಮ್ಮರಿ, ಔಷಧದ ಪಟ್ಟಿ ನಿಮ್ಮ ಹಕ್ಕು, ಕೇಳಿ ತೆಗೆದುಕೊಳ್ಳಿ. ನಾವು ಒಂಬತ್ತನೇ ದಿನ ಬದಲಿಸಿದೆವು. ನಾಲ್ಕು ದಿನ ಮೊದಲೇ ಬದಲಿಸಬೇಕಿತ್ತು.

ಹೊಸ ತಂಡದ ನಂಬರಿಗೂ ಒಂದು ರಾತ್ರಿ ಫೋನ್ ಮಾಡಬೇಕಾಯಿತು, ಎರಡೂ ಹತ್ತಕ್ಕೆ. ಎತ್ತಿದ ನರ್ಸ್ ಅಪ್ಪನ ಹೆಸರನ್ನು ನಾನು ಹೇಳುವ ಮೊದಲೇ ಹೇಳಿದರು. "ಹನ್ನೆರಡು ಗಂಟೆ ಡೋಸ್ ಕೊಟ್ರಾ? ಸರಿ, ಚೀಟಿಯ ಕೆಳಗೆ ಬರೆದಿದ್ದೀವಲ್ಲ, ಆ ಹೆಚ್ಚುವರಿ ಮಾತ್ರೆ ಈಗ ಕೊಡಿ. ಮುಕ್ಕಾಲು ಗಂಟೆಗೆ ನಾನೇ ಫೋನ್ ಮಾಡ್ತೀನಿ." ಮಾಡಿದರು. ಅಷ್ಟು ಹೊತ್ತಿಗೆ ಅಪ್ಪನ ಕೈ ಮಂಚದ ಕಂಬಿ ಬಿಟ್ಟಿತ್ತು.

ಅಪ್ಪ ಹೋಗಿ ಹನ್ನೆರಡನೇ ದಿನಕ್ಕೆ ಅದೇ ನರ್ಸ್ ಮನೆಗೆ ಬಂದರು, ಉಳಿದ ಮಾರ್ಫಿನ್ ಮಾತ್ರೆ ವಾಪಸು ತೆಗೆದುಕೊಳ್ಳಲು. ಲೆಕ್ಕ ಇಡಲೇಬೇಕು ಅಂದರು. ಊಟದ ಮೇಜಿನ ಮೇಲೆ ಹರವಿ ಎಣಿಸಿದರು, ಹದಿನೇಳಿದ್ದವು. ರಿಜಿಸ್ಟರಿನಲ್ಲಿ ಬರೆದು ಅಮ್ಮನ ಸಹಿ ಹಾಕಿಸಿಕೊಂಡರು. ಕೆಲಸ ಮುಗಿದಿತ್ತು, ಎದ್ದು ಹೋಗಬಹುದಿತ್ತು. "ರಾತ್ರಿ ನಿದ್ದೆ ಬರ್ತಿದೆಯಾ ಅಮ್ಮ?" ಅಂತ ಕೇಳಿದರು. ಅಮ್ಮ ಕಾಫಿಗೆ ಇಟ್ಟರು, ಅವರು ಒಂದೂವರೆ ಗಂಟೆ ಕೂತಿದ್ದರು.