ಅಪ್ರೈಸಲ್ ದಿನ ರಾತ್ರಿ ನಿದ್ದೆ ಬರಬೇಕಂದ್ರೆ

ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ನಂದು. ಬೇರೆಯವರ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಆದರೆ ನನ್ನ ತಪ್ಪನ್ನು ಯಾರಾದರೂ ತೋರಿಸಿದರೆ ಎರಡು ದಿನ ಊಟ ಸೇರುತ್ತಿರಲಿಲ್ಲ.

ಒಂದು ಏಪ್ರಿಲ್‌ನಲ್ಲಿ ಮ್ಯಾನೇಜರ್ ಅಪ್ರೈಸಲ್‌ಗೆ, ಅಂದರೆ ವರ್ಷದ ಕೆಲಸ ಹೇಗಿತ್ತು ಅಂತ ಹೇಳುವುದಕ್ಕೆ, ಕರೆದರು. 30 ನಿಮಿಷದ ಮೀಟಿಂಗ್, ಅದರಲ್ಲಿ 25 ನಿಮಿಷ ಒಳ್ಳೆಯ ಮಾತೇ. ಕೊನೆಗೆ ಒಂದು ಮಾತು ಹೇಳಿದರು: "ಕ್ಲೈಂಟ್ ಕಾಲ್‌ನಲ್ಲಿ ನೀವು ಬಾಯೇ ಬಿಡಲ್ಲ, ಅದೊಂದು ಸ್ವಲ್ಪ ನೋಡ್ಕೊಳ್ಳಿ." ಅಷ್ಟೇ. ಸಿಲ್ಕ್ ಬೋರ್ಡ್ ಹತ್ತಿರ ಬರುವಷ್ಟರಲ್ಲಿ ಅದು ನನ್ನ ತಲೆಯಲ್ಲಿ "ಇವರಿಗೆ ನಾನು ಬೇಡ" ಅಂತ ಆಗಿತ್ತು, ಅಲ್ಲಿಂದ ಮನೆ ಮುಟ್ಟುವಷ್ಟರಲ್ಲಿ ಕೆಲಸ ಹೋಗಿ, ಮನೆ ಸಾಲದ ಕಂತು ನಿಂತು, ಊರಲ್ಲಿ ಅಪ್ಪನಿಗೆ ಏನಂತ ಹೇಳುವುದು ಅನ್ನುವವರೆಗೂ ಕಥೆ ಬೆಳೆದಿತ್ತು. (ಆ ಟ್ರಾಫಿಕ್‌ನಲ್ಲಿ ಕಥೆ ಬೆಳೆಸುವುದಕ್ಕೆ ಟೈಮಿಗೇನು ಬರ ಇಲ್ಲ.)

ಆಮೇಲೆ ನಿಧಾನವಾಗಿ ಕಲಿತದ್ದು ಇದು. ನಿಮಗೂ ಹೀಗೇ ಆಗುತ್ತಿದ್ದರೆ ಮಾಡಿ ನೋಡಿ.

ಮೊದಲು ಮೈ ಸಮಾಧಾನ ಆಗಬೇಕು, ತಲೆಯ ಸರದಿ ಆಮೇಲೆ. ಎದೆ ಡವಡವ ಅನ್ನುತ್ತದೆ, ಅಂಗೈ ಬೆವರುತ್ತದೆ, ಕಿವಿ ಬಿಸಿಯಾಗುತ್ತದೆ. ಇದು ಹೇಡಿತನ ಅಲ್ಲ. ಮೆದುಳು ಅಪಾಯ ಅಂದುಕೊಂಡ ತಕ್ಷಣ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಕಾಲ ಬಳಿ ಹಾವು ಕಂಡರೂ ಆಗುವುದು ಇದೇ. ಆ ಹೊತ್ತಲ್ಲಿ ವಾದಕ್ಕೆ ಇಳಿಯಬೇಡಿ, ಹತ್ತು ಸಲ ಸಾರಿಯೂ ಕೇಳಬೇಡಿ. "ಸರಿ, ಬರ್ಕೊಂಡಿದೀನಿ, ಯೋಚನೆ ಮಾಡಿ ನಾಳೆ ಮಾತಾಡ್ತೀನಿ" ಅಂದರೆ ಸಾಕು. ಹೊರಗೆ ಬಂದು ಮೆಟ್ಟಿಲ ಹತ್ತಿರ ನಿಂತು, ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಎಳೆದುಕೊಳ್ಳಿ, ಆರು ಎಣಿಸುವಷ್ಟು ಹೊತ್ತು ಬಿಡಿ. ಐದು ನಿಮಿಷ ಹೀಗೆ ಮಾಡಿ. ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ನಿಧಾನವಾಗುತ್ತದೆ, ಅದಕ್ಕೇ ಬಿಡುವುದು ಉದ್ದ ಇರಬೇಕು. ಆಗ ಮಾತ್ರ ಕಾಫಿ ಬೇಡ. ಫಿಲ್ಟರ್ ಕಾಫಿ ಇಲ್ಲದೆ ಬದುಕಲಾರದ ನಾನೇ ಹೇಳುತ್ತಿದ್ದೇನೆ, ಮೊದಲೇ ಹೊಡೆದುಕೊಳ್ಳುತ್ತಿರುವ ಎದೆಗೆ ಕೆಫೀನ್ ಬೇರೆ ಯಾಕೆ?

ಇನ್ನು ಮುಖ್ಯವಾದದ್ದು. ಅವತ್ತೇ, ಮಲಗುವ ಮೊದಲು, ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ "ಅವರು ಹೇಳಿದ್ದು", ಬಲಕ್ಕೆ "ನನಗೆ ಕೇಳಿಸಿದ್ದು". ಎಡಗಡೆ ಅವರ ಬಾಯಿಂದ ಬಂದ ಮಾತು ಹೇಗಿತ್ತೋ ಹಾಗೇ ಬರಬೇಕು, ನಿಮ್ಮ ಒಗ್ಗರಣೆ ಬೇಡ. ನಾಳೆಗೆ ಬಿಟ್ಟರೆ ಆಗಲ್ಲ, ಬೆಳಗಾಗುವಷ್ಟರಲ್ಲಿ ನೆನಪೇ ಬದಲಾಗಿರುತ್ತದೆ. ಮನಸ್ಸಿಗೆ ತಾನಾಗಿ ಬರುವ ಯೋಚನೆಯನ್ನು ಬರೆದಿಟ್ಟು, ಅದಕ್ಕೆ ಆಧಾರ ಏನಿದೆ ಅಂತ ನೋಡುವ ಈ ದಾರಿ ಹೊಸದೇನಲ್ಲ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಶುರು ಮಾಡಿದ ಚಿಕಿತ್ಸೆಯಲ್ಲಿ ಇದೇ ಕೆಲಸ ನಡೆಯುತ್ತದೆ.

ನನ್ನ ಹಾಳೆಯ ಎಡಗಡೆ ಒಂದೇ ಸಾಲು ಇತ್ತು. ಬಲಗಡೆ ಪುಟ ಸಾಲಲಿಲ್ಲ. ಆಮೇಲೆ ಎಡಗಡೆಯ ಆ ಒಂದು ಸಾಲು ನಿಜವಾ ಅಂತ ಲೆಕ್ಕ ಹಾಕಿದೆ. ಅದರ ಹಿಂದಿನ ಆರು ಕ್ಲೈಂಟ್ ಕಾಲ್‌ಗಳಲ್ಲಿ ನಾನು ಬಾಯಿ ಬಿಟ್ಟದ್ದು ಒಂದರಲ್ಲಿ, ಅದೂ "ಎಸ್, ಆಡಿಬಲ್" ಅನ್ನುವುದಕ್ಕೆ. ಅಂದರೆ ಅವರು ಹೇಳಿದ್ದು ಸರಿಯೇ. ತಮಾಷೆ ಅಂದರೆ, ಅವರು ಹೇಳಿದ್ದು ಸರಿ ಅಂತ ಗೊತ್ತಾದ ಮೇಲೇ ನನಗೆ ನಿದ್ದೆ ಬಂದದ್ದು. "ನಾನು ಬೇಡ" ಅನ್ನುವುದಕ್ಕೆ ಮದ್ದಿಲ್ಲ, "ಕಾಲ್‌ನಲ್ಲಿ ಮಾತಾಡಲ್ಲ" ಅನ್ನುವುದಕ್ಕೆ ಇದೆ.

ಕೆಲವು ಸಲ ಎಡಗಡೆ ಬರೆದದ್ದೇ ಗಾಳಿ ಇದ್ದ ಹಾಗೆ ಇರುತ್ತದೆ. "ನಿಮ್ಮ ಆಟಿಟ್ಯೂಡ್ ಸರಿ ಇಲ್ಲ", "ಓನರ್‌ಶಿಪ್ ಕಮ್ಮಿ". ಇದನ್ನು ಹಿಡಿದುಕೊಂಡು ಏನು ಮಾಡೋದು ಹೇಳಿ? ಒಂದು ರಾತ್ರಿ ಕಳೆಯಲಿ, ಆಮೇಲೆ ವಾಪಸ್ ಹೋಗಿ ಕೇಳಿ: "ಯಾವಾಗ ಹಾಗನ್ನಿಸ್ತು, ಒಂದು ಉದಾಹರಣೆ ಕೊಡ್ತೀರಾ ಸರ್? ಮುಂದಿನ ಮೂರು ತಿಂಗಳಲ್ಲಿ ಏನು ಕಂಡ್ರೆ ಸರಿ ಹೋಯ್ತು ಅಂತೀರಿ?" ಉತ್ತರವನ್ನು ನಾಲ್ಕು ಸಾಲಿನ ಮೇಲ್ ಮಾಡಿ ಅವರಿಗೇ ಕಳಿಸಿಬಿಡಿ. ವಾರಗಟ್ಟಲೆ ಮುಂದೂಡಬೇಡಿ, ದಿನ ಕಳೆದಷ್ಟೂ ಆ ಬಾಗಿಲು ತಟ್ಟುವುದು ಕಷ್ಟ. ರೇಟಿಂಗ್ ವಿಷಯ ಇದಕ್ಕೆ ಸೇರಿಸಬೇಡಿ. ಬೆಲ್ ಕರ್ವ್ ಇಟ್ಟುಕೊಂಡ ಕಂಪನಿಯಲ್ಲಿ ಯಾವ ರೇಟಿಂಗ್ ಎಷ್ಟು ಜನಕ್ಕೆ ಅಂತ ಮೊದಲೇ ಲೆಕ್ಕ ಇರುತ್ತದೆ, ಕೆಳಗಿನ ಸಾಲಿಗೆ ಯಾರನ್ನಾದರೂ ಹಾಕಲೇಬೇಕು. ಅದಕ್ಕೆಲ್ಲ ನಿಮ್ಮ ಕೆಲಸವೇ ಕಾರಣ ಅಂತ ಅಂದುಕೊಳ್ಳಬೇಡಿ.

ಟೀ ಅಂಗಡಿ ಮುಂದೆ ಎಲ್ಲರ ಹತ್ತಿರ ಹೇಳಿಕೊಂಡರೆ ಸಿಟ್ಟು ಜಾಸ್ತಿಯಾಗುತ್ತದೆ, ಅಷ್ಟೇ. ನಿಮ್ಮ ಕೆಲಸ ಗೊತ್ತಿರುವ, ಮುಲಾಜಿಲ್ಲದೆ ಮಾತಾಡುವ ಒಬ್ಬರು ಸಾಕು.

ಒಂದು ಸಲ ಹೀಗಾದ ಮೇಲೆ "ಫ್ರೀ ಇದ್ದೀರಾ?" ಅಂತ ಮೆಸೇಜ್ ಬಂದರೂ ಹೊಟ್ಟೆಯಲ್ಲಿ ಕಲಸುತ್ತದೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಇದಕ್ಕೆ ನಾನು ಮಾಡಿದ್ದು ಸ್ವಲ್ಪ ಹುಚ್ಚು ಅನ್ನಿಸಬಹುದು: ನಾನೇ ಹೋಗಿ ಕೇಳಲು ಶುರು ಮಾಡಿದೆ. 15 ದಿನಕ್ಕೊಮ್ಮೆ, "ಈ ರಿಲೀಸ್‌ನಲ್ಲಿ ನಾನು ಬೇರೆ ಥರ ಮಾಡಬಹುದಿತ್ತು ಅನ್ನೋದು ಒಂದೇ ಒಂದು ಹೇಳಿ" ಅಂತ. ಮೊದಲ ಸಲ ಕಾಲು ನಡುಗಿತು. ನಾಲ್ಕನೇ ಸಲ ಕಾಫಿ ಲೋಟ ಹಿಡಿದುಕೊಂಡೇ ಹೋದೆ. ಹೆದರಿಕೆ ತಪ್ಪಿಸಿಕೊಂಡು ಓಡಾಡಿದರೆ ಬೆಳೆಯುತ್ತದೆ, ಸ್ವಲ್ಪ ಸ್ವಲ್ಪವಾಗಿ ಮುಂದೆ ನಿಂತರೆ ಸವೆಯುತ್ತದೆ.

ಆದರೆ ಎಲ್ಲವನ್ನೂ ಫೀಡ್‌ಬ್ಯಾಕ್ ಅಂತ ನುಂಗಬೇಡಿ. ಎಲ್ಲರ ಮುಂದೆ ಕಿರುಚುವುದು, ಜಾತಿ, ಭಾಷೆ, ಬಟ್ಟೆ ಬಗ್ಗೆ ಆಡಿಕೊಳ್ಳುವುದು ಫೀಡ್‌ಬ್ಯಾಕ್ ಅಲ್ಲ. ದಿನಾಂಕ, ಹೊತ್ತು, ಎದುರಿಗೆ ಯಾರಿದ್ದರು ಎಲ್ಲ ಬರೆದಿಟ್ಟು ಎಚ್‌ಆರ್‌ಗೆ ಮೇಲ್ ಮಾಡಿ. ಲೈಂಗಿಕ ಕಿರುಕುಳ ಆದರೆ, 2013ರ ಕಾಯ್ದೆ ಪ್ರಕಾರ 10 ಅಥವಾ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಹೆಣ್ಣುಮಕ್ಕಳು ಅಲ್ಲಿಗೆ ದೂರು ಕೊಡಬಹುದು. ಪಿಐಪಿ ಪತ್ರ (ಇಷ್ಟು ದಿನದಲ್ಲಿ ಕೆಲಸ ಸುಧಾರಿಸಿ ತೋರಿಸಿ ಅಂತ ಕಂಪನಿ ಕೊಡುವ ಪತ್ರ) ಕೈಗೆ ಕೊಟ್ಟರೆ ಅದರಲ್ಲಿ ಬರೆದ ಗುರಿ ಅಳೆಯುವಂಥದ್ದಾ ಅಂತ ನೋಡಿ, ಇಲ್ಲದಿದ್ದರೆ ಬರವಣಿಗೆಯಲ್ಲೇ ಕೇಳಿ. ಜೊತೆಗೆ ರೆಸ್ಯೂಮೆಯನ್ನೂ ತಿದ್ದಿಡಿ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಎರಡು ವಾರ ಆದರೂ ನಿದ್ದೆ ಇಲ್ಲ, ಭಾನುವಾರ ಸಂಜೆಯಾದರೆ ವಾಂತಿ ಬರುವ ಹಾಗಾಗುತ್ತದೆ ಅಂದರೆ ಈ ಹಾಳೆ, ಗೆರೆ ಯಾವುದೂ ಸಾಲದು. 14416ಕ್ಕೆ ಫೋನ್ ಮಾಡಿ. ಇದು 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ದುಡ್ಡಿಲ್ಲ, 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಕೊನೆಯ ಕೆಲಸ ಒಂದಿದೆ. ಎಡಗಡೆಯ ಸಾಲನ್ನು ಎಣಿಸಬಹುದಾದ ಸಣ್ಣ ಕೆಲಸ ಮಾಡಿಕೊಳ್ಳಿ. "ಸುಧಾರಿಸ್ತೀನಿ" ಅನ್ನುವುದು ಕೆಲಸ ಅಲ್ಲ. ನಾನು "ಪ್ರತಿ ಕಾಲ್‌ನಲ್ಲಿ ಎರಡು ಮಾತು" ಅಂತ ಇಟ್ಟುಕೊಂಡೆ. ಮುಂದಿನ ಕಾಲ್‌ಗೆ ಚೀಟಿಯಲ್ಲಿ ಎರಡು ಬಗ್ ಬರೆದುಕೊಂಡು ಕೂತೆ, ಸರದಿ ಬಂದಾಗ ಧೈರ್ಯ ಮಾಡಿ ಒಂದು ನಿಮಿಷ ಪಟಪಟ ಅಂತ ಮಾತಾಡಿದೆ, ಆ ಕಡೆಯಿಂದ ಸದ್ದೇ ಇಲ್ಲ. ಮೈಕ್ ಮ್ಯೂಟ್‌ನಲ್ಲಿತ್ತು. ಅನ್‌ಮ್ಯೂಟ್ ಮಾಡಿ ಮೊದಲಿಂದ ಹೇಳಿದೆ.