ಮನೆ ಕ್ಲೀನಿಂಗ್ ಕೆಲಸ ಕೊಡ್ತೀವಿ ಅಂತ ಮೇಲ್ ಬಂದಿದೆಯಾ? ಮೋಸ ಗುರುತಿಸುವುದು ಹೀಗೆ

ಸ್ವಂತವಾಗಿ ಮನೆ ಕ್ಲೀನಿಂಗ್ ಮಾಡುವವರು ಫೋನ್ ನಂಬರ್, ಮೇಲ್ ಐಡಿ ಎಲ್ಲ ಕಡೆ ಹಾಕಿರುತ್ತಾರೆ. ಹಾಕದಿದ್ದರೆ ಗಿರಾಕಿ ಬರುವುದಿಲ್ಲ. ಕಳ್ಳರೂ ಅದೇ ಐಡಿ ಹಿಡಿದು ಬರುತ್ತಾರೆ. ನಮ್ಮ ಬೀದಿಯಲ್ಲಿ ಈ ಕೆಲಸ ಮಾಡುವ ಇಬ್ಬರು ಅಕ್ಕಂದಿರು ಹೀಗೆ ದುಡ್ಡು ಕಳೆದುಕೊಂಡರು. ಇಬ್ಬರೂ ಎಡವಿದ್ದು ಅಡ್ವಾನ್ಸ್ ತೆಗೆದುಕೊಳ್ಳುವಾಗ.

ಮೊದಲು ಮೇಲ್ ನಿಧಾನವಾಗಿ ಓದಿ. ನಿಜವಾದ ಗಿರಾಕಿ ಮನೆಯ ಬಗ್ಗೆ ಮಾತಾಡುತ್ತಾರೆ. ಎಷ್ಟು ಬಾತ್‌ರೂಮ್, ಚಿಮಣಿ ಸೇರಿದೆಯಾ, ನೆಲಕ್ಕೆ ಆ್ಯಸಿಡ್ ಹಾಕ್ತೀರಾ ಅಂತ ಕೇಳುತ್ತಾರೆ. ಚೌಕಾಸಿಯನ್ನೂ ಮಾಡುತ್ತಾರೆ. ಮೋಸದ ಮೇಲ್‌ನಲ್ಲಿ ಇದ್ಯಾವುದೂ ಇರುವುದಿಲ್ಲ. ಹೇಳಿದ ರೇಟಿಗೆ ತಕ್ಷಣ ಒಪ್ಪಿಗೆ, ಜೊತೆಗೆ ವಿಪರೀತ ಅವಸರ. 'ಸೇನೆಯಲ್ಲಿದ್ದೇನೆ, ಬೆಂಗಳೂರಿಗೆ ವರ್ಗವಾಗಿದೆ, ನಾನೇ ಬರಲು ಆಗುವುದಿಲ್ಲ' ಎನ್ನುವ ಕತೆ ತುಂಬಾ ಹಳೆಯದು. ಐಡಿ ಕಾರ್ಡಿನ ಫೋಟೊ ಕಳಿಸಿದರೂ ನಂಬಬೇಡಿ.

ಕಳಿಸಿದವರ ಹೆಸರಿನ ಮೇಲೆ ಒತ್ತಿ, ಪೂರ್ತಿ ವಿಳಾಸ ನೋಡಿ. ಕಂಪನಿ ಹೆಸರು ಹೇಳಿ ಜಿಮೇಲ್‌ನಿಂದ ಬರೆದಿದ್ದರೆ ಅನುಮಾನಪಡಿ.

ಮನೆ ನೋಡದೆ ಕೆಲಸ ಒಪ್ಪಲೇಬೇಡಿ. ದೂರವಾದರೆ ವಿಡಿಯೊ ಕಾಲ್‌ನಲ್ಲಿ ತೋರಿಸಲಿ. ಅಲ್ಲಿಗೇ ಅರ್ಧ ಜನ ಮಾಯವಾಗುತ್ತಾರೆ.

ಇನ್ನು ಅಡ್ವಾನ್ಸ್. ಇಲ್ಲಿ ಜಾಸ್ತಿ ಗಮನ ಕೊಡಿ. ಮೋಸಗಾರ ಒಂದು ಕ್ಯೂಆರ್ ಕೋಡ್ ಕಳಿಸಿ, 'ಸ್ಕ್ಯಾನ್ ಮಾಡಿ, ಪಿನ್ ಹಾಕಿ, ದುಡ್ಡು ನಿಮ್ಮ ಖಾತೆಗೆ ಬರುತ್ತದೆ' ಎನ್ನುತ್ತಾನೆ. ಯುಪಿಐನಲ್ಲಿ ದುಡ್ಡು ಪಡೆಯಲು ಸ್ಕ್ಯಾನ್ ಬೇಡ, ಪಿನ್ನೂ ಬೇಡ. ಪಿನ್ ಹಾಕಿದರೆ ದುಡ್ಡು ಹೋಗುವುದು ನಿಮ್ಮ ಖಾತೆಯಿಂದ. ಕೆಲವರು ಮೊದಲು ಒಂದೆರಡು ರೂಪಾಯಿ ನಿಜವಾಗಿ ಕಳಿಸಿ ನಂಬಿಕೆ ಹುಟ್ಟಿಸುತ್ತಾರೆ. ಇನ್ನು ಕೆಲವರು, '500 ಬದಲು 5,000 ಹಾಕಿಬಿಟ್ಟೆ, ಉಳಿದದ್ದು ವಾಪಸ್ ಮಾಡಿ' ಎಂದು ಅಳುತ್ತಾರೆ. ಬ್ಯಾಂಕಿನದೇ ಅನ್ನಿಸುವಂಥ ಎಸ್ಎಂಎಸ್ ಕೂಡ ಬಂದಿರುತ್ತದೆ. ಅದು ಹತ್ತು ಅಂಕಿಯ ಮಾಮೂಲಿ ಮೊಬೈಲ್ ನಂಬರಿನಿಂದ ಬಂದಿದ್ದರೆ ಸುಳ್ಳು. ಎಸ್ಎಂಎಸ್ ಬಿಡಿ, ಬ್ಯಾಂಕ್ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡಿ. ಅವನು ಫೋನಿನಲ್ಲಿ ಅವಸರ ಮಾಡುತ್ತಿದ್ದರೆ ಕಾಲ್ ಕಟ್ ಮಾಡಿ, ಆಮೇಲೆ ನೋಡಿ. ಮಾತಾಡುತ್ತಾ ನೋಡಿದ್ದರಿಂದಲೇ ಒಬ್ಬ ಅಕ್ಕ ಎರಡನೇ ಸಲವೂ ಪಿನ್ ಒತ್ತಿದರು. ನನ್ನನ್ನು ಕೇಳಿದರೆ ಹೊಸ ಗಿರಾಕಿಯಿಂದ ಅಡ್ವಾನ್ಸೇ ಬೇಡ. ಕೆಲಸ ಮುಗಿದ ಮೇಲೆ, ಬಾಗಿಲಲ್ಲೇ ನಿಂತು ದುಡ್ಡು ತೆಗೆದುಕೊಳ್ಳಿ.

ನೋಂದಣಿ ಶುಲ್ಕ, ಸಮವಸ್ತ್ರದ ಶುಲ್ಕ ಕೇಳಿದರೆ ಕೊಡಬೇಡಿ. ಕೆಲಸದ ವಿವರ ಇದರಲ್ಲಿದೆ ಅಂತ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಕಳಿಸಿದರೆ ತೆರೆಯಬೇಡಿ. ಅದು ನಿಮ್ಮ ಒಟಿಪಿ ಕದಿಯುವ ಆ್ಯಪ್ ಆಗಿರಬಹುದು. ಮೋಸದ ಕಾಲ್ ಪತ್ತೆ ಮಾಡುತ್ತೇವೆ ಎನ್ನುವ, ಹೆಸರೇ ಕೇಳಿರದ ಆ್ಯಪ್‌ಗಳೂ ಬೇಡ. ಅವು ನಿಮ್ಮ ಕಾಂಟ್ಯಾಕ್ಟ್, ಮೆಸೇಜ್ ಎಲ್ಲವನ್ನೂ ಕೇಳುತ್ತವೆ.

ದುಡ್ಡು ಹೋಗಿಯೇ ಬಿಟ್ಟಿತಾ? ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ಆ ದುಡ್ಡನ್ನು ದಾರಿಯಲ್ಲೇ ತಡೆಹಿಡಿಯುವ ಅವಕಾಶ ಜಾಸ್ತಿ. ಮೇಲ್, ಚಾಟ್ ಯಾವುದನ್ನೂ ಅಳಿಸಬೇಡಿ. ಪಾವತಿಯ ಯುಟಿಆರ್ ನಂಬರ್ (ಆ ಪಾವತಿಯನ್ನು ಗುರುತಿಸುವ ಸಂಖ್ಯೆ) ಬರೆದಿಟ್ಟುಕೊಳ್ಳಿ, ದೂರು ಕೊಡುವಾಗ ಅದನ್ನು ಕೇಳುತ್ತಾರೆ.