ಇಂಗ್ಲೆಂಡಿಗೆ ಹೊರಟ ಮಂಗಳೂರು, ಉಡುಪಿಯ ಮಕ್ಕಳೇ, ಅಲ್ಲಿಯ ಕೌನ್ಸಿಲನ್ನು ಬಿಡ್ಬೇಡಿ

ರಜೆಗೆ ಕದ್ರಿಗೆ ಬಂದಿದ್ದೇನೆ, ಸೆಪ್ಟೆಂಬರಿಗೆ ಹೊರಟ ಮಕ್ಕಳೆಲ್ಲ ಕೇಳುದು ರೂಮು, ಪಾರ್ಟ್‌ಟೈಮ್ ಕೆಲಸ, ಕುಚ್ಚಲಕ್ಕಿ ಎಲ್ಲಿ ಸಿಗ್ತದೆ ಅಂತ. ಬ್ಯಾಂಕು, ಡಾಕ್ಟರ್ ರಿಜಿಸ್ಟ್ರೇಶನ್ ಎಲ್ಲ ಅಲ್ಲಿ ಹೋಗಿ ಇಳಿದ ವಾರದಲ್ಲೇ ಮುಗಿಸಿ. ಕೌನ್ಸಿಲ್ ಅಂದ್ರೆ ನಮ್ಮ ಪಾಲಿಕೆ ಇದ್ದ ಹಾಗೆ, ಅದರ ಬಗ್ಗೆ ಮಾತ್ರ ಯಾರೂ ಕೇಳುದಿಲ್ಲ.

ಬೇರೆ ಬೇರೆ ಕುಟುಂಬದ 5 ಜನ ಅಥವಾ ಜಾಸ್ತಿ ಒಂದೇ ಅಡುಗೆಮನೆ ಬಳಸಿ ಇರುವ ಮನೆಗೆ ಓನರು ಕೌನ್ಸಿಲಿನ ಲೈಸೆನ್ಸ್ ತಗೊಳ್ಳಲೇಬೇಕು, ಅದು ದೇಶದ ಕಾನೂನು. ಆದ್ರೆ 3-4 ಜನ ಇರುವ ಮನೆಗೂ ಬೇಕಾ ಅಂತ ತೀರ್ಮಾನ ಮಾಡುದು ಆಯಾ ಊರಿನ ಕೌನ್ಸಿಲ್, ಅದಕ್ಕೆ ಮೊದ್ಲು ಕನಿಷ್ಠ 10 ವಾರ ಜನರ ಅಭಿಪ್ರಾಯ ಕೇಳ್ಬೇಕು. ಓನರುಗಳು ತಪ್ಪದೆ ಬರೀತಾರೆ, ಬೂಸ್ಟು ಹಿಡಿದ ಗೋಡೆ ಪಕ್ಕ ಮಲಗುವ ನಮ್ಮ ಹುಡುಗರು ಬರೆಯುದಿಲ್ಲ. ಮತ್ತೆ ನಿಯಮ ಯಾರ ಕಡೆ ವಾಲ್ತದೆ ಹೇಳಿ?

ಬೀದಿದೀಪದ ಕಂಬಕ್ಕೆ ಪ್ಲಾಸ್ಟಿಕ್ ಕವರಲ್ಲಿ ಒಂದು ಹಾಳೆ ಕಟ್ಟಿರ್ತಾರೆ, ಒಳಗೆ ಮಳೆನೀರು ಹೋಗಿ ಶಾಯಿ ಹರಡಿರ್ತದೆ, ಆದ್ರೂ ನಿಂತು ಓದಿ. ಪಕ್ಕದಲ್ಲಿ ಎಂತ ಕಟ್ಟಡ ಬರ್ತದೆ ಅಂತ ಅದರಲ್ಲುಂಟು, ಆಕ್ಷೇಪಕ್ಕೆ ಸಾಮಾನ್ಯವಾಗಿ 21 ದಿನ. ಮತ್ತೆ ನಮಗೆ ಅಲ್ಲಿ ಓಟೂ ಉಂಟು ಮಾರಾಯ್ರೆ! ಕಾಮನ್‌ವೆಲ್ತ್ ದೇಶದವರು ಅಂತ. ಹೆಸರು ಸೇರಿಸಿ, ಬೂತಿಗೆ ನಮ್ಮ ಪಾಸ್‌ಪೋರ್ಟೇ ಸಾಕು.

ನಮ್ಮಲ್ಲಿ ವಾರ್ಡ್ ಕಮಿಟಿ ಕಾನೂನು 2011ರಲ್ಲೇ ಬಂದ್ರೂ ಮಂಗಳೂರಿನ 60 ವಾರ್ಡುಗಳಲ್ಲಿ ಕಮಿಟಿ ಆಗ್ಲಿಕ್ಕೆ ವರ್ಷಗಟ್ಟಲೆ ಹಿಡೀತು, ಜನ ಪಟ್ಟು ಬಿಡದೆ ಕೂತದ್ದಕ್ಕೆ ಆಯ್ತು. 2025ರ ಫೆಬ್ರವರಿಗೆ ಪಾಲಿಕೆಯ ಅವಧಿಯೇ ಮುಗಿದು ಆಡಳಿತಾಧಿಕಾರಿ ಬಂದ್ರು. ನಮ್ಮಪ್ಪ ಆದ್ರೆ ತೋಡಲ್ಲಿ ನೀರು ಕಟ್ಟಿದ್ರೆ ವಾರ್ಡ್ ಮೆಂಬರನ್ನು ಮಲ್ಲಿಕಟ್ಟೆ ಮಾರ್ಕೆಟಲ್ಲೇ ನಿಲ್ಲಿಸಿ ತುಳುವಲ್ಲಿ ಕೇಳ್ತಿದ್ರು, ಅವರೂ ಚೀಲ ಕೆಳಗಿಟ್ಟು ಉತ್ತರ ಕೊಡ್ತಿದ್ರು. ಆ ಸಲಿಗೆ ಇಂಗ್ಲೆಂಡಲ್ಲಿ ನಮಗೆ ಯಾವತ್ತೂ ಬರುದಿಲ್ಲ, ಅದು ನನಗೆ ಈಗ್ಲೂ ಬೇಜಾರೇ. ನನ್ನ ಮಗಳಿಗೆ ತುಳು ಅರ್ಧಂಬರ್ಧ, ಆದ್ರೆ ಶಾಲೆ ಎದುರು ರಸ್ತೆ ದಾಟ್ಲಿಕ್ಕೆ ಪಟ್ಟಿ ಬೇಕು ಅಂತ ಕೌನ್ಸಿಲಿಗೆ ಅವಳೇ ಪತ್ರ ಬರೆದ್ಲು, ಆ ಊರು ಅವಳದ್ದು ಅಂತ ನನಗೆ ಗೊತ್ತಾದದ್ದು ಆವತ್ತೇ.

ಮನೆ ಸಿಕ್ಕಿದ ಕೂಡ್ಲೇ ಕೌನ್ಸಿಲಿನ ವೆಬ್‌ಸೈಟಲ್ಲಿ ಪೋಸ್ಟ್‌ಕೋಡ್ ಹಾಕಿ, ನಿಮ್ಮ ವಾರ್ಡಿನ ಕೌನ್ಸಿಲರ್‌ಗಳ ಹೆಸರು, ಇಮೇಲ್ ಬರ್ತದೆ. ಮೀಟಿಂಗಿನ ಅಜೆಂಡಾ 5 ಕೆಲಸದ ದಿನ ಮೊದ್ಲೇ ಹಾಕಿರ್ತಾರೆ, ಹಿಂದಿನ ಕುರ್ಚಿಯಲ್ಲಿ ಕೂತು ಕೇಳ್ಲಿಕ್ಕೆ ಯಾರ ಪರ್ಮಿಶನೂ ಬೇಡ.